ಕೇರಿಗೊಂದು ಸಣ್ಣ ರೇಡಿಯೋ: ಒಂದು ವ್ಯಾಟ್ ಟ್ರಾನ್ಸ್‌ಮಿಟರ್ ಹಚ್ಚಬಹುದಾ?

ಹುಲೇಕಲ್_ದಾರಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಶಿರಸಿಯಿಂದ ಹುಲೇಕಲ್ ಕಡೆಗೆ ಹೋಗುವ ದಾರಿಯಲ್ಲಿ ನಮ್ಮ ಊರು. ಅಡಿಕೆ ತೋಟ, ಸ್ವಲ್ಪ ಏಲಕ್ಕಿ, ಎರಡು ಹಸು. ಕೇರಿಯಲ್ಲಿ 22 ಮನೆ ಅಂತ ಲೆಕ್ಕ. ಆದರೆ ಒಂದು ಮನೆ ಈ ಗುಡ್ಡದ ಬುಡದಲ್ಲಿ, ಇನ್ನೊಂದು ಹಳ್ಳ ದಾಟಿ ಆಚೆ. ಕೂಗಿದರೆ ಕೇಳುವುದಿಲ್ಲ.

ಹೋದ ಮಳೆಗಾಲದಲ್ಲಿ ನಾಲ್ಕು ದಿನ ಕರೆಂಟ್ ಇರಲಿಲ್ಲ. ಎರಡನೇ ದಿನಕ್ಕೆ ಮೊಬೈಲ್ ಟವರ್ ಕೂಡ ಮಲಗಿತು. ಮನೆಯಲ್ಲಿ ಮಾತಾಡುತ್ತಿದ್ದದ್ದು ಅಜ್ಜನ ಹಳೇ ರೇಡಿಯೋ ಒಂದೇ. ಸೆಲ್ ಹಾಕಿ ಮೀಡಿಯಂ ವೇವ್‌ನಲ್ಲಿ ಮುಳ್ಳನ್ನು 765ಕ್ಕೆ ತಂದರೆ ಧಾರವಾಡ ಆಕಾಶವಾಣಿ ಕೇಳುತ್ತಿತ್ತು. ಆದರೆ ನಮಗೆ ಬೇಕಾಗಿದ್ದದ್ದು ಬೇರೆ ಸುದ್ದಿ. ಹಳ್ಳದ ಸಂಕ (ಕಾಲುಸೇತುವೆ) ಉಳಿದಿದೆಯಾ? ದೇವಿಮನೆ ಘಟ್ಟದಲ್ಲಿ ಬಸ್ ಬಿಟ್ಟಿದ್ದಾರಾ? ಆಚೆ ಮನೆಯ ಆಯಿಯ ಬಿಪಿ ಮಾತ್ರೆ ಮುಗಿದದ್ದು ನಮಗೆ ಗೊತ್ತಾಗಿದ್ದೇ ಮೂರನೇ ದಿನ. ಆ ದಿನದಿಂದ ಈ ವಿಷಯ ತಲೆಯಿಂದ ಹೋಗಿಲ್ಲ.

ಈಗ ಒಂದು ವ್ಯಾಟಿನ ಎಫ್‌ಎಂ ಟ್ರಾನ್ಸ್‌ಮಿಟರ್ ಬೋರ್ಡ್ ಮನೆಗೆ ಬಂದಿದೆ. ಇನ್ನೂ ಹಚ್ಚಿಲ್ಲ. ದಿನಾ ಸಂಜೆ ಏಳಕ್ಕೆ ಅರ್ಧ ಗಂಟೆ ಮಾತಾಡಬೇಕು ಅಂತ ಆಸೆ. ಆ ದಿನದ ಚಾಲಿ, ರಾಶಿ ಅಡಿಕೆಯ ದರ. ಅಡಿಕೆ ಕೊನೆ ಕೊಯ್ಯುವ ಕೊನೆಗೌಡ ನಾಳೆ ಯಾರ ತೋಟಕ್ಕೆ ಬರುತ್ತಾನೆ. ಮಳೆ ಬಿಡುವು ಕೊಟ್ಟರೆ ಅಡಿಕೆಯ ಕೊಳೆ ರೋಗಕ್ಕೆ ಮದ್ದು ಹೊಡೆಯುವುದಾ, ಕಾಯುವುದಾ. ನಮ್ಮ ಅತ್ತೆಗೆ ಮದುವೆಯ ಹಸೆ ಹಾಡು ಎಷ್ಟೋ ಬಾಯಿಪಾಠ ಇವೆ, ದಿನಕ್ಕೊಂದು. ಆಮೇಲೆ ಸ್ವಲ್ಪ ತಾಳಮದ್ದಲೆ.

ಅಮೆರಿಕದಲ್ಲಿ ಜನ ಮನೆಯಲ್ಲೇ ಹೀಗೆ ಸಣ್ಣ ಕೇಂದ್ರ ನಡೆಸುವ ವಿಡಿಯೋ ನೋಡಿದ್ದೇನೆ, ಲೈಸೆನ್ಸ್ ಬೇಡವಂತೆ. ನಮ್ಮಲ್ಲಿ ಹೇಗೆ? ಒಂದು ವ್ಯಾಟ್ 22 ಮನೆ ಮುಟ್ಟುತ್ತದಾ? ಗೊತ್ತಿದ್ದವರು ದಯವಿಟ್ಟು ಹೇಳಿ. ಇಂಟರ್ನೆಟ್ ರೇಡಿಯೋ ಮಾಡು ಅಂತ ಮಾತ್ರ ಹೇಳಬೇಡಿ. ನಮಗೆ ಬೇಕಾಗುವ ದಿನವೇ ಇಂಟರ್ನೆಟ್ ಇರುವುದಿಲ್ಲ.

—

ಕುಮಟಾ_ರಿಪೇರಿ:

ತಮ್ಮಾ, ಮೊದಲು ಒಂದು ಮಾತು. ಆ ಬೋರ್ಡಿಗೆ ಏರಿಯಲ್ ಇಲ್ಲದೆ ಕರೆಂಟ್ ಕೊಡಬೇಡ, ಔಟ್‌ಪುಟ್ ಟ್ರಾನ್ಸಿಸ್ಟರ್ ಸುಟ್ಟೀತು. ಏರಿಯಲ್ ಹಾಕಿಯೂ ಕೊಡಬೇಡ. ಯಾಕೆ ಅಂತ ಹೇಳುತ್ತೇನೆ.

ನಾನು ಕುಮಟಾದಲ್ಲಿ ರೇಡಿಯೋ, ಟೇಪು, ಆಂಪ್ಲಿಫೈಯರ್ ರಿಪೇರಿ ಮಾಡುತ್ತಾ ನಲವತ್ತು ವರ್ಷ ಕಳೆದವನು. 1989ರ ಚೌತಿಗೆ ನಾನೂ ಒಂದು ಕಟ್ಟಿದ್ದೆ. ಅರ್ಧ ವ್ಯಾಟ್. ಪೆನ್ಸಿಲ್ ಮೇಲೆ ತಂತಿ ಸುತ್ತಿ ಕಾಯಿಲ್ ಮಾಡಿ, ಟ್ರಿಮ್ಮರ್ ತಿರುಗಿಸಿ 98 ಮೆಗಾಹರ್ಟ್ಸ್ ಹತ್ತಿರ ನಿಲ್ಲಿಸಿದೆ. ಏರಿಯಲ್ ತೆಂಗಿನ ಮರದ ಮೇಲೆ. ಗಣಪತಿ ಚಪ್ಪರದ ಭಜನೆ ಮನೆಮನೆಗೆ ಕೇಳಲಿ, ನಡೆಯಲಾಗದ ಮುದುಕರಿಗೆ ಸಿಗಲಿ ಅಂತ. ಆಗ ನಮ್ಮ ಓಣಿಯ ಸುಮಾರು ಮನೆಗಳಲ್ಲಿ ದುಬೈಯಿಂದ ಬಂದ ಟೂ-ಇನ್-ಒನ್ ಇದ್ದವು. ಅದರಲ್ಲಿ ಎಫ್‌ಎಂ ಬರುತ್ತಿತ್ತು.

ಮೊದಲ ದಿನ ಎಲ್ಲರಿಗೂ ಖುಷಿ. ಮೂರನೇ ದಿನ ಭಾನುವಾರ. ಬೆಳಿಗ್ಗೆ ಇಡೀ ಓಣಿ ಟಿವಿ ಮುಂದೆ ಕೂತಿತ್ತು. ಪರದೆ ತುಂಬಾ ಅಡ್ಡ ಗೆರೆ. ಕಾರಣ ನನಗೆ ಆಮೇಲೆ ತಿಳಿಯಿತು. ಸಾದಾ ಟ್ರಾನ್ಸ್‌ಮಿಟರ್ ತಾನು ಹಾಡಬೇಕಾದ ಜಾಗದಲ್ಲಿ ಮಾತ್ರ ಹಾಡುವುದಿಲ್ಲ. ಅದರ ಎರಡು ಪಟ್ಟು, ಮೂರು ಪಟ್ಟಿನಲ್ಲೂ ಹಾಡುತ್ತದೆ. 98.1ರ ಎರಡು ಪಟ್ಟು 196.2. ಅದು ಟಿವಿ ಚಾನೆಲ್‌ಗಳ ಜಾಗ. ಅದನ್ನು ತಡೆಯಲು ಫಿಲ್ಟರ್ ಬೇಕು. ನಾನು ಹಾಕಿರಲಿಲ್ಲ. ನಿನ್ನ ಬೋರ್ಡಿನಲ್ಲಿ ಅದು ಇದ್ದರೆ ನನಗೆ ಆಶ್ಚರ್ಯ. ಅಗ್ಗದ ಬೋರ್ಡಿನವರು ಮೊದಲು ಉಳಿಸುವುದು ಅದನ್ನೇ.

ಅವತ್ತೇ ಮರದಿಂದ ಏರಿಯಲ್ ಇಳಿಸಿದೆ. ಟಿವಿ ಸರಿಯಾಯಿತು. ಆದರೆ ಸಂಜೆ ಭಜನೆ ಹೊತ್ತಿಗೆ ಓಣಿಯ ಕೊನೆ ಮನೆಯ ಅಮ್ಮ ಮೊಮ್ಮಗನನ್ನು ಕಳಿಸಿದರು. ರೇಡಿಯೋ ಹಾಳಾಗಿದೆಯಾ ನೋಡಿ ಕೊಡಿ ಅಂತ. ಅವರು ಆರೂವರೆಯಿಂದ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರಂತೆ. ಅದನ್ನು ನಾನು ಇವತ್ತಿಗೂ ಮರೆತಿಲ್ಲ ತಮ್ಮಾ. ಒಮ್ಮೆ ಹೊತ್ತು ಹೇಳಿದರೆ ಆ ಹೊತ್ತಿಗೆ ಒಬ್ಬರು ಕಾಯುತ್ತಾರೆ. ಜ್ವರ ಬಂದರೂ, ಮದುವೆ ಮನೆ ಇದ್ದರೂ, ಏಳು ಗಂಟೆ ಅಂದರೆ ಏಳು ಗಂಟೆ.

ದೂರದ ಲೆಕ್ಕ ಕೇಳಿದ್ದೀಯ. ಎಫ್‌ಎಂ ನೇರ ಹೋಗುವ ಅಲೆ. ಏರಿಯಲ್ ಕಣ್ಣಿಗೆ ಕಾಣುವ ಮನೆಗೆ ಒಂದು ವ್ಯಾಟ್ ಬೇಕಾದಷ್ಟಾಯಿತು. ಗುಡ್ಡದ ಹಿಂದಿನ ಮನೆಗೆ ಹತ್ತು ವ್ಯಾಟ್ ಕೂಡ ಕಷ್ಟ. ದೂರ ಎರಡು ಪಟ್ಟು ಬೇಕೆಂದರೆ ಪವರ್ ನಾಲ್ಕು ಪಟ್ಟು ಬೇಕು. ಅದಕ್ಕಿಂತ ಏರಿಯಲ್ ಎತ್ತರ ಮಾಡುವುದು ಮೇಲು. ಆದರೆ ನಿಮ್ಮಲ್ಲಿ ಮನೆಗಳೆಲ್ಲ ತೋಟದ ಕಣಿವೆಯಲ್ಲಿ. ಮಳೆಯಲ್ಲಿ ತೊಯ್ದ ಅಡಿಕೆ ಮರದ ಸೋಗೆ ಕೂಡ ಅಲೆಯನ್ನು ನುಂಗುತ್ತದೆ.

ಇನ್ನೊಂದು. ಆಯಿಯ ಮಾತ್ರೆಯ ವಿಷಯ ಹೇಳಿದೆ. ನೀನು ಟ್ರಾನ್ಸ್‌ಮಿಟರ್ ಇಟ್ಟಿದ್ದರೂ ಅದು ನಿನಗೆ ಗೊತ್ತಾಗುತ್ತಿರಲಿಲ್ಲ. ನಿನ್ನ ಮಾತು ಅವರಿಗೆ ಕೇಳುತ್ತಿತ್ತು, ಅವರ ಮಾತು ನಿನಗೆ ಕೇಳುತ್ತಿರಲಿಲ್ಲ. ಅದಕ್ಕೆ ಬೇರೆ ದಾರಿ ಬೇಕು.

—

ಕಾಳಿ_ಸಂಗಮ:

ನಾನು ಕಾರವಾರದವನು, ಲೈಸೆನ್ಸ್ ಇರುವ ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೋದವನು. ಕಾನೂನಿನ ಪ್ರಶ್ನೆಗೆ ನೇರ ಉತ್ತರ: ಆಗುವುದಿಲ್ಲ.

ಅಮೆರಿಕದ ವಿಡಿಯೋಗಳಲ್ಲಿ ನೀವು ನೋಡಿದ್ದು ಅಲ್ಲಿನ ಪಾರ್ಟ್ 15 ಎಂಬ ನಿಯಮದ ಕೆಳಗೆ ನಡೆಯುವಂಥದ್ದು. ಅಲ್ಲೂ ಒಂದು ವ್ಯಾಟ್ ಬಿಡುವುದಿಲ್ಲ. ಮೀಡಿಯಂ ವೇವ್‌ನಲ್ಲಿ 100 ಮಿಲಿವ್ಯಾಟ್ ಮತ್ತು ಸುಮಾರು 3 ಮೀಟರ್ ಏರಿಯಲ್. ಎಫ್‌ಎಂನಲ್ಲಿ ಇನ್ನೂ ಕಡಿಮೆ, ಮನೆ ಮತ್ತು ಅಂಗಳ ದಾಟಿದರೆ ಮುಗಿಯಿತು. ನಮ್ಮಲ್ಲಿ 1933ರ ವೈರ್‌ಲೆಸ್ ಕಾಯ್ದೆಯ ಕಾಲದಿಂದ ಲೈಸೆನ್ಸ್ ಇಲ್ಲದೆ ಇಂಥ ಉಪಕರಣ ಇಟ್ಟುಕೊಳ್ಳುವುದೇ ತಪ್ಪು. 2023ರ ದೂರಸಂಪರ್ಕ ಕಾಯ್ದೆ ಬಂದ ಮೇಲೂ ಇದು ಸಡಿಲವಾಗಿಲ್ಲ. ಬಿಹಾರದ ವೈಶಾಲಿ ಜಿಲ್ಲೆಯ ಮನ್ಸೂರ್‌ಪುರದಲ್ಲಿ ಒಬ್ಬ ರಿಪೇರಿ ಅಂಗಡಿಯ ಹುಡುಗ ರಾಘವ್ ಎಫ್‌ಎಂ ಅಂತ ನಡೆಸುತ್ತಿದ್ದ. ಸುತ್ತಲಿನ ಹಳ್ಳಿಯವರಿಗೆ ಅದರ ಮೇಲೆ ಪ್ರೀತಿ ಇತ್ತು. 2006ರಲ್ಲಿ ಅದನ್ನು ಮುಚ್ಚಿಸಿದರು. ಊರಿನವರ ಪ್ರೀತಿ ಲೈಸೆನ್ಸ್ ಆಗುವುದಿಲ್ಲ.

ಇದು ಬರೀ ಕಾಗದದ ವಿಷಯವೂ ಅಲ್ಲ. ಎಫ್‌ಎಂ ಮುಗಿಯುವುದು 108 ಮೆಗಾಹರ್ಟ್ಸ್‌ಗೆ. ಅದರ ಪಕ್ಕದಲ್ಲೇ ವಿಮಾನಗಳ ಜಾಗ ಶುರು. ನಿಮ್ಮ ಗುಡ್ಡದ ಹಿಂದಿನ ಮನೆಗೆ ಕೇಳದ ಒಂದು ವ್ಯಾಟ್, ಮೇಲೆ ಹಾರುವ ವಿಮಾನಕ್ಕೆ ಬಹಳ ದೂರದಿಂದ ಕೇಳುತ್ತದೆ, ಯಾಕೆಂದರೆ ನಡುವೆ ಗುಡ್ಡವೇ ಇಲ್ಲ. ಇಲ್ಲಿ ಕರಾವಳಿಯಲ್ಲಿ ಮೀನುಗಾರರ ಬೋಟುಗಳಲ್ಲಿ ಮಾತಾಡುವ ವಿಎಚ್‌ಎಫ್ ರೇಡಿಯೋ ಸೆಟ್ ಇದೆ. 156.8ರಲ್ಲಿ, ಅಂದರೆ 16ನೇ ಚಾನೆಲ್‌ನಲ್ಲಿ, ಅಪಾಯದ ಕರೆ ಬರುತ್ತದೆ. ಪಕ್ಕದಲ್ಲೇ ನೌಕಾನೆಲೆ. ಫಿಲ್ಟರ್ ಇಲ್ಲದ ಬೋರ್ಡ್ ಎಲ್ಲೆಲ್ಲಿ ಚೆಲ್ಲುತ್ತದೆ ಅಂತ ಅಳೆಯಲು ನಿಮ್ಮ ಹತ್ತಿರ ಸಾಧನವಿಲ್ಲ. ಗಾಳಿಯಲ್ಲಿ ಸಿಕ್ಕಿಬಿದ್ದ ಬೋಟಿನವನ ಕೂಗಿನ ಮೇಲೆ ನಮ್ಮ ಹಸೆ ಹಾಡು ಕೂರಬಾರದು ಅಲ್ವಾ.

ಈಗ ಆಯಿಯ ಮಾತ್ರೆ. ಅದಕ್ಕೆ ಉತ್ತರ ಹ್ಯಾಮ್ ರೇಡಿಯೋ. ಕೇಂದ್ರ ಸರ್ಕಾರದ ಪರೀಕ್ಷೆ ಬರೆಯಬೇಕು. ರೇಡಿಯೋ ತತ್ವ ಒಂದು ಭಾಗ, ನಿಯಮಗಳು ಇನ್ನೊಂದು. ಕೆಳಗಿನ ದರ್ಜೆಗೆ ಮೋರ್ಸ್ ಬೇಡ. 12 ವರ್ಷ ತುಂಬಿದ ಮಕ್ಕಳೂ ಬರೆಯಬಹುದು. 144ರಿಂದ 146 ಮೆಗಾಹರ್ಟ್ಸ್‌ನಲ್ಲಿ 5 ವ್ಯಾಟಿನ ಕೈ ಸೆಟ್ ಗುಡ್ಡದಿಂದ ಗುಡ್ಡಕ್ಕೆ ಚೆನ್ನಾಗಿ ಮಾತಾಡುತ್ತದೆ. ಘಟ್ಟ ಅಡ್ಡ ಬಂದರೆ 7 ಮೆಗಾಹರ್ಟ್ಸ್. ತಂತಿಯನ್ನು ತಗ್ಗಿಗೆ ಕಟ್ಟಿದರೆ ಅಲೆ ನೆಟ್ಟಗೆ ಮೇಲೆ ಹೋಗಿ ಕೆಳಗೆ ಬೀಳುತ್ತದೆ, ಹಗಲು ಹೊತ್ತು ಗುಡ್ಡದ ಲೆಕ್ಕವೇ ಇರುವುದಿಲ್ಲ. ಕಾರು ಬ್ಯಾಟರಿ ಸಾಕು. ಆದರೆ ಇದರಲ್ಲಿ ಹಾಡು ಹಾಕುವಂತಿಲ್ಲ, ವ್ಯಾಪಾರದ ಮಾತು ಆಡುವಂತಿಲ್ಲ, ಕೇಳುವ ಎಲ್ಲರಿಗೂ ಅಂತ ಪ್ರಸಾರ ಮಾಡುವಂತಿಲ್ಲ. ಅಡಿಕೆ ದರ ಓದುವ ಜಾಗ ಇದಲ್ಲ. ಆಪತ್ತಿನ ದಿನಕ್ಕೆ ಇದು.

2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದಾಗ ನಮ್ಮ ಜಿಲ್ಲೆಯ ರಸ್ತೆ ಎಷ್ಟು ಬೇಗ ಕಡಿದುಹೋಗುತ್ತದೆ ಅಂತ ಎಲ್ಲರೂ ನೋಡಿದ್ದೇವೆ. ಊರಿಗೆ ಇಬ್ಬರು ಹ್ಯಾಮ್ ಇದ್ದರೂ ಎಷ್ಟೋ ಧೈರ್ಯ. ಪುಸ್ತಕ ನನ್ನ ಹತ್ತಿರ ಇದೆ, ಕೊಡುತ್ತೇನೆ.

—

ಹುಲೇಕಲ್_ದಾರಿ:

ಇಬ್ಬರಿಗೂ ತುಂಬಾ ಧನ್ಯವಾದ. ಬೋರ್ಡನ್ನು ಕಟ್ಟಿ ಇಟ್ಟಿದ್ದೇನೆ. ಬೋಟಿನ ವಿಷಯ ನನಗೆ ಹೊಳೆದೇ ಇರಲಿಲ್ಲ. ಮಗ ಎಂಟನೇ ಕ್ಲಾಸು, 13 ವರ್ಷ. ಪರೀಕ್ಷೆ ಅಂದ ಕೂಡಲೇ ಅವನೇ ಮೊದಲು ಕೈ ಎತ್ತಿದ. ಇಬ್ಬರೂ ಬರೆಯುತ್ತೇವೆ.

ಆದರೆ ಸಂಜೆಯ ಅರ್ಧ ಗಂಟೆ ಬಿಡಲು ಮನಸ್ಸಿಲ್ಲ. ಸಮುದಾಯ ರೇಡಿಯೋ ಅಂತ ಇದೆಯಲ್ಲ, ಅದು ನಮ್ಮಂಥವರಿಗೆ ಆಗುವುದಾ?

—

ಶರಾವತಿ_ಅಳಿವೆ:

ನಾನು ಹೊನ್ನಾವರದವಳು. ಮದುವೆಗೆ ಮೊದಲು ಬೇರೆ ಜಿಲ್ಲೆಯ ಒಂದು ಸಮುದಾಯ ರೇಡಿಯೋದಲ್ಲಿ ನಾಲ್ಕು ವರ್ಷ ಕಾರ್ಯಕ್ರಮ ಮಾಡಿದ್ದೇನೆ. ನಿಮ್ಮ ಪ್ರಶ್ನೆ ಓದಿ ಸುಮ್ನೆ ಇರಲು ಆಗಲಿಲ್ಲ.

ಒಬ್ಬ ವ್ಯಕ್ತಿಯ ಹೆಸರಲ್ಲಿ ಸಮುದಾಯ ರೇಡಿಯೋ ಸಿಗುವುದಿಲ್ಲ. ಶಿಕ್ಷಣ ಸಂಸ್ಥೆ, ಕೃಷಿ ವಿಜ್ಞಾನ ಕೇಂದ್ರ, ಲಾಭದ ಉದ್ದೇಶ ಇಲ್ಲದ ನೋಂದಾಯಿತ ಸಂಸ್ಥೆ, ಇವರಿಗೆ ಮಾತ್ರ. ಸಂಸ್ಥೆಗೆ ಕನಿಷ್ಠ ಮೂರು ವರ್ಷದ ಕೆಲಸದ ದಾಖಲೆ ಬೇಕು. ಮೊದಲು ಕಾಲೇಜುಗಳಿಗಷ್ಟೇ ಇತ್ತು, 2006ರ ಕೊನೆಗೆ ಉಳಿದವರಿಗೂ ಬಾಗಿಲು ತೆಗೆದರು. ಏರಿಯಲ್‌ನಿಂದ ಹೊರಡುವ ಶಕ್ತಿ ಸಾಮಾನ್ಯವಾಗಿ 100 ವ್ಯಾಟ್ ಮೀರಬಾರದು. ಕಾರ್ಯಕ್ರಮದಲ್ಲಿ ಅರ್ಧವಾದರೂ ಸ್ಥಳೀಯವಾಗಿ ಮಾಡಿದ್ದಿರಬೇಕು. ಸ್ವಂತ ಸುದ್ದಿ ಓದುವಂತಿಲ್ಲ, ಆಕಾಶವಾಣಿಯ ಸುದ್ದಿಯನ್ನು ಇದ್ದ ಹಾಗೆ ಹಾಕಬಹುದು. ಆದರೆ ರಸ್ತೆ, ಹವಾಮಾನ, ಕರೆಂಟು, ನೀರು, ನೆರೆಯ ಎಚ್ಚರಿಕೆ ಇವನ್ನು ಸುದ್ದಿ ಅಂತ ಎಣಿಸುವುದಿಲ್ಲ. ಅಂದರೆ ನಿಮಗೆ ಆ ನಾಲ್ಕು ದಿನ ಬೇಕಾಗಿದ್ದ ಮಾತಿಗೆಲ್ಲ ಅವಕಾಶ ಇದೆ.

ಶಿರಸಿಯಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ, ಅರಣ್ಯ ಕಾಲೇಜಿದೆ. ಎರಡೂ ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದವು. ಆ ವಿಶ್ವವಿದ್ಯಾಲಯಕ್ಕೆ ಧಾರವಾಡದಲ್ಲಿ ತನ್ನದೇ ಸಮುದಾಯ ರೇಡಿಯೋ ಇದೆ. ಅಲ್ಲಿಗೆ ಹೋಗಿ ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಬರಿಗೈಯಲ್ಲಿ ಹೋಗಬೇಡಿ. 50 ಸಂಜೆಯ ಕಾರ್ಯಕ್ರಮ ತಯಾರು ಮಾಡಿ ಇಟ್ಟುಕೊಂಡು ಹೋಗಿ. ನಾನು ಕೆಲಸ ಮಾಡಿದ ಕಡೆ ಯಂತ್ರ ಕೆಟ್ಟು ನಿಂತ ದಿನಗಳು ಕಡಿಮೆ. ಹೇಳಲು ವಿಷಯ ಇಲ್ಲದೆ ಸಿನಿಮಾ ಹಾಡು ಹಾಕಿ ತುಂಬಿಸಿದ ದಿನಗಳೇ ಜಾಸ್ತಿ. ಅದು ನನಗೆ ಈಗಲೂ ಬೇಜಾರು.

ಹಾಗಾದರೆ 50 ಸಂಜೆ ಯಾರಿಗೆ ಕೇಳಿಸುವುದು? ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ನಮ್ಮ ಧ್ವನಿ ಅಂತ ಒಂದು ಪ್ರಯತ್ನ ನಡೆಯಿತು. ಹಳ್ಳಿಗಳಿಗೆ ಆಗ ಲೈಸೆನ್ಸ್ ಸಿಗುತ್ತಿರಲಿಲ್ಲ. ಅವರು ಕಾಯುತ್ತಾ ಕೂರಲಿಲ್ಲ. ಕಾರ್ಯಕ್ರಮ ರೆಕಾರ್ಡ್ ಮಾಡಿ ಜನ ಸೇರುವ ಕಡೆ ಕೇಳಿಸಿದರು, ಆಮೇಲೆ ಟಿವಿ ಕೇಬಲ್‌ನಲ್ಲೇ ಧ್ವನಿ ಕಳಿಸಿದರು. ನಿಮ್ಮ ಕೇರಿಯಲ್ಲಿ ಎಲ್ಲರೂ ದಿನಾ ಸೇರುವ ಜಾಗ ಯಾವುದು? ಹಾಲು ಡೈರಿ ಅಲ್ವಾ? ಸಂಜೆ ಹಾಲು ಹಾಕಲು ಬಂದವರಿಗೆ ಒಂದು ಸಣ್ಣ ಸ್ಪೀಕರಿನಲ್ಲಿ ಕೇಳಿಸಿ. ಅದಕ್ಕೆ ಇಂಟರ್ನೆಟ್ ಬೇಡ, ಟವರ್ ಬೇಡ. ಅಲ್ಲಿಗೆ ಬಾರದವರಿಗೆ ಮೆಮೊರಿ ಕಾರ್ಡಿನಲ್ಲಿ ಹಾಲಿನ ಕ್ಯಾನಿನ ಜೊತೆಗೇ ಕಳಿಸಬಹುದು. 64 ಕೆಬಿಪಿಎಸ್‌ನಲ್ಲಿ ಅರ್ಧ ಗಂಟೆಯ ಮಾತು 15 ಎಂಬಿಯೂ ಆಗುವುದಿಲ್ಲ. ಮೊಬೈಲ್ ಇದ್ದ ದಿನ ವಾಟ್ಸಾಪಿಗೂ ಹಾಕಿ. ಸಂಜೆ ಹಾಲು ಹಾಕಿದ ಮನೆಯ ಲೆಕ್ಕ ನೋಡಿದರೆ ಬಾರದವರು ಯಾರು ಅಂತಲೂ ಗೊತ್ತಾಗುತ್ತದೆ. ಅಂಥ ಮನೆಗೆ ಒಬ್ಬರು ಹೋಗಿ ಬರಲಿ.

ಅತ್ತೆಯ ಹಾಡನ್ನು ಮೊದಲು ರೆಕಾರ್ಡ್ ಮಾಡಿ. ಅಂಕೋಲಾದ ಬಡಗೇರಿಯ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡ ಅವರು 2025ರ ಫೆಬ್ರವರಿಯಲ್ಲಿ ತೀರಿಹೋದರು. ಅವರ ಹಾಲಕ್ಕಿ ಸಮುದಾಯದ ಎಷ್ಟೋ ಹಾಡು ಅವರ ನೆನಪಿನಲ್ಲೇ ಇತ್ತು. ಹೀಗೆ ಬಾಯಿಪಾಠ ಇರುವವರು ಕೇರಿಗೆ ಒಬ್ಬರೋ ಇಬ್ಬರೋ ಉಳಿದಿದ್ದಾರೆ. ಹಂಚಿನ ಮನೆಯಲ್ಲಿ ಮಳೆ ಸದ್ದು ಜಾಸ್ತಿ, ಅದಕ್ಕೇ ಮಳೆ ಹಿಡಿಯುವ ಮೊದಲೇ ಮಾಡಿ. ಒಳಕೋಣೆಯಲ್ಲಿ ಎರಡು ಕಂಬಳಿ ಇಳಿಬಿಟ್ಟರೆ ಗೋಡೆಯ ಮೊಳಗು ಕಡಿಮೆ ಆಗುತ್ತದೆ. ಮೊಬೈಲನ್ನು ಬಾಯಿಯಿಂದ ಒಂದು ಗೇಣು ದೂರ, ಸ್ವಲ್ಪ ಓರೆಯಾಗಿ ಹಿಡಿಯಿರಿ, ಇಲ್ಲವಾದರೆ ಪ, ಬ ಅಕ್ಷರಗಳಿಗೆ ಗಾಳಿ ಬಡಿಯುತ್ತದೆ. ಹಾಡು ಎಲ್ಲಿ ಕಲಿತರು, ಯಾವ ಶಾಸ್ತ್ರಕ್ಕೆ ಹೇಳುತ್ತಾರೆ ಅಂತ ಅವರ ಮಾತಲ್ಲೇ ಕೇಳಿ ಅದನ್ನೂ ಹಿಡಿದಿಡಿ. ಕೇಳಿಸಲು ಒಪ್ಪಿಗೆ ಇದೆ ಅಂತ ಸಹಿ ತೆಗೆದುಕೊಳ್ಳಿ, ಮನೆಯವರೇ ಆದರೂ. ಕಂಪನಿಯ ಕ್ಯಾಸೆಟ್ಟಿನ ತಾಳಮದ್ದಲೆ ಹಾಕಬೇಡಿ. ಧ್ವನಿಮುದ್ರಣದ ಹಕ್ಕು ಅದು ಹೊರಬಂದ ವರ್ಷದ ನಂತರ 60 ವರ್ಷ ಇರುತ್ತದೆ. ನಿಮ್ಮೂರಿನಲ್ಲಿ ತಾಳಮದ್ದಲೆಯ ಮಾತು ಹೇಳುವ ಅರ್ಥಧಾರಿಗಳನ್ನೇ ಕೂರಿಸಿ.

ಕಾರವಾರ ಆಕಾಶವಾಣಿಯನ್ನೂ ಮರೆಯಬೇಡಿ, ಎಫ್‌ಎಂ 102.3. ಹಾಡುವವರಿಗೆ ಆಕಾಶವಾಣಿಯಲ್ಲಿ ಧ್ವನಿ ಪರೀಕ್ಷೆ ಇರುತ್ತದೆ. ಅತ್ತೆಗೆ ಇಷ್ಟ ಇದ್ದರೆ ಕರೆದುಕೊಂಡು ಹೋಗಿ.

—

ಕುಮಟಾ_ರಿಪೇರಿ:

ತಂಗಿ ಹೇಳಿದ್ದು ಸರಿ. ಆಕಾಶವಾಣಿ ಎಂಬ ಹೆಸರು ಬಂದದ್ದೇ ಒಂದು ಮನೆಯಿಂದ. 1935ರ ಸೆಪ್ಟೆಂಬರ್ 10ರಂದು ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿ ಅವರು ತಮ್ಮ ಮನೆಯಲ್ಲೇ 30 ವ್ಯಾಟಿನ ಕೇಂದ್ರ ಶುರು ಮಾಡಿದರು. ಅವರು ಕಲಿಸುತ್ತಿದ್ದದ್ದು ಮನಶ್ಶಾಸ್ತ್ರ, ಇಂಜಿನಿಯರ್ ಅಲ್ಲ. 1942ರಲ್ಲಿ ಮೈಸೂರು ಸಂಸ್ಥಾನ ಅದನ್ನು ವಹಿಸಿಕೊಳ್ಳುವವರೆಗೆ ನಡೆಸಿಕೊಂಡು ಬಂದರು. ಅಷ್ಟು ವರ್ಷ ಪ್ರತಿ ದಿನ ಹೊತ್ತಿಗೆ ಸರಿಯಾಗಿ ಮಾತಾಡುವುದು ಏನು ಕಷ್ಟ ಅಂತ ನನ್ನ ಮೂರು ದಿನದಲ್ಲೇ ನನಗೆ ಗೊತ್ತಾಗಿದೆ.

ಡೈರಿಗೆ 12 ವೋಲ್ಟಿನ ಸಣ್ಣ ಆಂಪ್ಲಿಫೈಯರ್ ನಾನು ಮಾಡಿಕೊಡುತ್ತೇನೆ. ಬೈಕ್ ಬ್ಯಾಟರಿಗೆ ನಡೆಯುತ್ತದೆ. ಅರ್ಧ ಗಂಟೆಯ ಹಾಗೆ ನಾಲ್ಕು ದಿನ ಏನೂ ತೊಂದರೆ ಇಲ್ಲ. ಟ್ರಾನ್ಸ್‌ಮಿಟರಿಗೆ ಅಂತ ಇಟ್ಟ ಉತ್ಸಾಹವನ್ನು ಮೈಕಿಗೆ ಹಾಕು.

—

ಹುಲೇಕಲ್_ದಾರಿ:

ಎಲ್ಲರಿಗೂ ತಿಳಿಸಬೇಕು ಅಂತ ಬರೆಯುತ್ತಿದ್ದೇನೆ. ಡೈರಿಯವರು ಒಪ್ಪಿದರು. ಹೋದ ಸೋಮವಾರದಿಂದ ಶುರು. ಅರ್ಧ ಗಂಟೆ ಯಾರೂ ನಿಲ್ಲುವುದಿಲ್ಲ, ಕರೆದ ಹಾಲು ತಂದವರಿಗೆ ಮನೆಯಲ್ಲಿ ಕೆಲಸ ಇರುತ್ತದೆ. ಅದಕ್ಕೆ ಹನ್ನೆರಡು ನಿಮಿಷಕ್ಕೆ ಇಳಿಸಿದ್ದೇನೆ. ಮೊದಲು ದರ, ಆಮೇಲೆ ಊರ ಮಾತು, ಕೊನೆಗೆ ಹಾಡು. ಹಾಡನ್ನು ಕೊನೆಗೆ ಇಟ್ಟದ್ದು ಒಳ್ಳೆಯದಾಯಿತು, ಕೆಲವರು ಅದಕ್ಕಾಗಿಯೇ ಕ್ಯಾನ್ ಕೆಳಗಿಟ್ಟು ನಿಲ್ಲುತ್ತಾರೆ. ಅತ್ತೆ ಮೊದಲ ದಿನ ಬರಲಿಲ್ಲ. ಎರಡನೇ ದಿನ ಬಂದು ಹಿಂದೆ ನಿಂತು ಕೇಳಿದರು. ಒಂದು ಸಾಲು ತಪ್ಪಿದೆ, ಮತ್ತೆ ಹಾಡುತ್ತೇನೆ ಅಂದರು. ಬುಧವಾರ ಮತ್ತೆ ರೆಕಾರ್ಡ್ ಮಾಡಿದೆವು.

ಕಾಳಿ_ಸಂಗಮ ಸರ್, ಪುಸ್ತಕ ತಲುಪಿತು. ಮಗ ಓಮ್‌ನ ನಿಯಮ ಮುಗಿಸಿ ಮುಂದಿನ ಪಾಠಕ್ಕೆ ಹೋಗಿದ್ದಾನೆ, ನಾನು ಇನ್ನೂ ಅಲ್ಲೇ ಇದ್ದೇನೆ.

ಕುಮಟಾದ ಅಣ್ಣಾ, ಒಂದು ಪ್ರಶ್ನೆ. ಅಟ್ಟದಲ್ಲಿ ಅಪ್ಪ ತುಂಬಿಸಿಟ್ಟ ಕ್ಯಾಸೆಟ್ ಸಿಕ್ಕಿದೆ, ನಮ್ಮ ಮನೆಯ ಚೌಕಿಯಲ್ಲೇ ಆದ ತಾಳಮದ್ದಲೆ. ಅಪ್ಪನ ಅರ್ಥ ಅದರಲ್ಲಿ ಇರಬೇಕು. ಆದರೆ ಟೇಪಿನ ಅಂಚಿಗೆ ಬಿಳಿ ಬೂಸಲು ಬಂದಿದೆ. ಹಾಕಿ ನೋಡಲಾ?

—

ಕುಮಟಾ_ರಿಪೇರಿ:

ಹಾಕಬೇಡ ತಮ್ಮಾ. ಬೂಸಲು ಹಿಡಿದ ಟೇಪಿನ ಸುತ್ತುಗಳು ಒಂದಕ್ಕೊಂದು ಅಂಟಿರುತ್ತವೆ, ಎಳೆದರೆ ಹರಿಯುತ್ತದೆ. ಬೂಸಲು ಹೆಡ್ಡಿಗೆ ಹತ್ತಿ ಮುಂದಿನ ಕ್ಯಾಸೆಟ್ಟಿಗೂ ಹೋಗುತ್ತದೆ. ಬಿಸಿಲಿಗೂ ಇಡಬೇಡ. ಒಣ ಡಬ್ಬಿಯಲ್ಲಿ ಅಕ್ಕಿಯ ಸಣ್ಣ ಗಂಟು ಹಾಕಿ ಮುಚ್ಚಿಡು. ಆಂಪ್ಲಿಫೈಯರ್ ತೆಗೆದುಕೊಂಡು ಹೋಗಲು ಬರುವಾಗ ತಾ. ಬಿಚ್ಚಿ, ಕೈಯಲ್ಲೇ ಮೆಲ್ಲಗೆ ಸುತ್ತಿ, ಒರೆಸಿ, ಬೇರೆ ಕ್ಯಾಸೆಟ್ಟಿನ ಚಿಪ್ಪಿಗೆ ಹಾಕೋಣ. ಒಂದೇ ಸಲ ಓಡಿಸೋಣ, ಆ ಒಂದು ಸಲಕ್ಕೇ ಕಂಪ್ಯೂಟರಿಗೆ ಇಳಿಸಿಕೊಳ್ಳೋಣ. ಬರುವಾಗ ಅರ್ಧ ದಿನ ಬಿಡುವು ಮಾಡಿಕೊಂಡು ಬಾ.